ಒನ್ಸ್ ಮೋರ್ ಯಾರಿಗೆ?

ನಮ್ಮ ಸೀಮೆಯಲ್ಲಿ ತೆಂಗು ಎಷ್ಟು ಸಹಜವೋ 'ಕುರುಕ್ಷೇತ್ರ' ನಾಟಕವೂ ಅಷ್ಟೇ ಸಹಜ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಶಿವರಾತ್ರಿ ಕಳೆದು ಜಾತ್ರೆಗಳು ಶುರುವಾದವೆಂದರೆ ಯಾವುದಾದರೂ ಊರಿನ ಬಯಲಿನಲ್ಲಿ ಸೀನರಿ ಕಟ್ಟಿಯೇ ಇರುತ್ತಾರೆ. ರಾತ್ರಿ ಒಂಬತ್ತಕ್ಕೆ ಎಂದು ಕರಪತ್ರದಲ್ಲಿ ಹಾಕಿರುತ್ತಾರೆ, ಪರದೆ ಏಳುವಾಗ ಹತ್ತೂವರೆ ಆಗಿರುತ್ತದೆ. ದುರ್ಯೋಧನ ತೊಡೆ ಮುರಿದು ಬೀಳುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಅಷ್ಟು ಉದ್ದದ ನಾಟಕವನ್ನು ಚಾಪೆ ಹಾಸಿಕೊಂಡು, ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನೋಡುವವರಲ್ಲಿ ಅರ್ಧದಷ್ಟು ಜನ ನಾವು, ಹೆಂಗಸರು.

ಈ ನಾಟಕ ನೋಡಬೇಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ನೋಡೋಣ. ಹಗಲೆಲ್ಲ ಕಾಯಿ ಸುಲಿದು, ಹಟ್ಟಿ ಬಳಿದು ದಣಿದ ಮೈಗೆ ವರ್ಷಕ್ಕೊಂದೆರಡು ರಾತ್ರಿಯಾದರೂ ಬೇರೆ ಲೋಕ ಬೇಕು. ಆದರೆ ಆ ರಾತ್ರಿ ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆ, ಯಾವುದಕ್ಕೆ ಸುಮ್ಮನೆ ಕೂರುತ್ತೇವೆ ಎಂಬುದನ್ನು ನಾವೇ ಒಮ್ಮೆ ಗಮನಿಸಿಕೊಳ್ಳಬೇಕು. ಅದನ್ನು ನೋಡಿದರೆ ಊರು ಮಾರನೆಯ ದಿನ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಾಗುತ್ತದೆ.

ನಾಟಕದ ಹುಚ್ಚು ನಮ್ಮ ಜಿಲ್ಲೆಗೆ ಹಳೆಯದು. ಪಕ್ಕದ ಗುಬ್ಬಿಯಲ್ಲಿ 1884ರಲ್ಲೇ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಕಂಪನಿ ನಾಟಕದ ಕಾಲ ಮುಗಿದರೂ ಅದರ ಕಂದಪದ್ಯ, ಮಟ್ಟು, ಕಿರೀಟ, ಗದೆ ಎಲ್ಲವೂ ನಮ್ಮ ಹಳ್ಳಿಗಳಲ್ಲಿ ಉಳಿದುಕೊಂಡವು. ಈಗ ಪಾತ್ರ ಮಾಡುವವರು ನಮ್ಮ ನಮ್ಮ ಮನೆಯ ಗಂಡಸರೇ. ತೋಟದ ಯಜಮಾನರು, ಕೊಬ್ಬರಿ ವ್ಯಾಪಾರದವರು, ಮೇಷ್ಟ್ರು, ಡ್ರೈವರ್. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಯುತ್ತಾರೆ.

ಇವರಲ್ಲಿ ದುರ್ಯೋಧನನ ಪಾತ್ರಧಾರಿಯನ್ನು ನೋಡಬೇಕು. ಅವನದು ಸಣ್ಣ ಕೆಲಸವಲ್ಲ. ರಾತ್ರಿಯಿಡೀ ಮೈಮೇಲೆ ಭಾರದ ವೇಷ, ಕೈಯಲ್ಲಿ ಗದೆ. ಉದ್ದುದ್ದ ಮಾತು, ಅದರ ನಡುನಡುವೆ ಮೇಲಿನ ಸ್ವರದಲ್ಲಿ ಪದ್ಯ. ಸಂಧಾನದ ಸಭೆಯಲ್ಲಿ ಗುಡುಗಬೇಕು, ಕರ್ಣ ಸತ್ತಾಗ ಅಳಬೇಕು, ನಸುಕಿನಲ್ಲಿ ಭೀಮನ ಜೊತೆ ಗದಾಯುದ್ಧವನ್ನೂ ಮಾಡಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ರೈತನೊಬ್ಬ ಇಷ್ಟನ್ನೂ ಬಾಯಿಪಾಠ ಮಾಡಿ ಬೆಳಗಿನವರೆಗೆ ನಿಭಾಯಿಸುತ್ತಾನೆಂದರೆ ಅದು ದೊಡ್ಡ ವಿದ್ಯೆಯೇ. ಅವನಿಗೆ ಸಿಗುವ ಹಾರ, ಎದೆಗೆ ಚುಚ್ಚುವ ನೋಟು, ಜನ ಕೂಗುವ 'ಒನ್ಸ್ ಮೋರ್' ಎಲ್ಲಕ್ಕೂ ಅವನು ಅರ್ಹನೇ ಇರಬಹುದು.

ಆದರೆ ಅದೇ ರಾತ್ರಿ, ಅದೇ ರಂಗದ ಮೇಲೆ, ದ್ರೌಪದಿಗೆ ಏನು ಸಿಗುತ್ತದೆ?

ಹೋದ ಬೇಸಿಗೆಯಲ್ಲಿ ತುರುವೇಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ಬೆಳಗಿನವರೆಗೆ ಕೂತು ನೋಡಿದೆ. ದುರ್ಯೋಧನ ಬಂದೊಡನೆ ಪಟಾಕಿ ಹೊಡೆದರು. ಅವನ ಒಂದೇ ಪದ್ಯವನ್ನು ಮೂರು ಸಲ ಹಾಡಿಸಿದರು. ಕೃಷ್ಣ ಸಂಧಾನಕ್ಕೆ ಹೊರಡುವ ಮುಂಚೆ ದ್ರೌಪದಿ ಬಿಚ್ಚಿದ ಮುಡಿಯಲ್ಲಿ ಬಂದು ನಿಂತಳು. ಹಿಂದಿನಿಂದ ಸಿಳ್ಳೆ ಬಂತು. ಅವಳು ತನಗಾದ ಅವಮಾನ ಹೇಳಲು ಶುರು ಮಾಡಿದಾಗ 'ಮಾತು ಸಾಕು, ಹಾಡು ಬಿಡಮ್ಮ' ಎಂದು ಯಾರೋ ಕೂಗಿದರು. ಅವಳ ಮಾತು ಮುಗಿಯುವಷ್ಟರಲ್ಲಿ ಮುಂದೆ ಕೂತಿದ್ದ ಗಂಡಸರಲ್ಲಿ ಬಹಳ ಜನ ಎದ್ದು ಬೋಂಡದ ಅಂಗಡಿಯ ಹತ್ತಿರ ಹೋಗಿದ್ದರು.

ಹೆಂಗಸರು ಮಾತ್ರ ಎದ್ದಿರಲಿಲ್ಲ. ನಾನು ಕೂತಿದ್ದ ಕಡೆ ಆಗ ನಡೆದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

'ಅಲ್ಲ ಕಣವ್ವ, ಐದು ಜನ ಗಂಡಂದ್ರು ಅಲ್ಲೇ ಕೂತಿದ್ರಲ್ಲ, ಸೀರೆ ಎಳೀವಾಗ ಒಬ್ಬನಾದ್ರೂ ಎದ್ದು ನಿಲ್ಲಬಾರ್ದಿತ್ತಾ?' ಎಂದಳು ಒಬ್ಬ ಅಜ್ಜಿ.

'ಅವ್ರು ಆಗ್ಲೇ ಪಗಡೇಲಿ ಸೋತು ಹೋಗಿದ್ರಲ್ಲಜ್ಜಿ' ಎಂದಳು ಪಕ್ಕದ ಹುಡುಗಿ.

'ಅವ್ರು ಸೋತ್ರೆ ಇವ್ಳು ಹೆಂಗೆ ಸೋತ್ಲು?'

ಅಕ್ಷರ ಬಾರದ ಆ ಅಜ್ಜಿ ಕೇಳಿದ್ದು ಮಹಾಭಾರತದಲ್ಲಿ ದ್ರೌಪದಿಯೇ ಕೇಳಿದ ಪ್ರಶ್ನೆ. ತನ್ನನ್ನು ಕರೆಯಲು ಬಂದ ದೂತನನ್ನು ಅವಳು ಹಿಂದಕ್ಕೆ ಕಳಿಸುತ್ತಾಳೆ. ಹೋಗಿ ಆ ಜೂಜುಗಾರನನ್ನು ಕೇಳು, ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಎನ್ನುತ್ತಾಳೆ. ತನ್ನನ್ನೇ ಸೋತುಕೊಂಡವನಿಗೆ ಹೆಂಡತಿಯನ್ನು ಒತ್ತೆ ಇಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಂಥ ಹಿರಿಯನೇ ಧರ್ಮ ಬಹಳ ಸೂಕ್ಷ್ಮ ಎಂದು ಜಾರಿಕೊಂಡ. ವಿದುರ ಇದು ತಪ್ಪು ಎಂದ. ದುರ್ಯೋಧನನ ತಮ್ಮಂದಿರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತು ಅವಳ ಪರ ಮಾತಾಡಿದ. ಕರ್ಣ ಅವನ ಬಾಯಿ ಮುಚ್ಚಿಸಿದ. ಮಿಕ್ಕವರು ತಲೆ ತಗ್ಗಿಸಿ ಕೂತರು.

ಈ ತಲೆ ತಗ್ಗಿಸಿ ಕೂರುವ ಸಭೆ ನಮಗೆ ಗೊತ್ತಿಲ್ಲದ್ದೇ? ಮಗಳು ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದಾಗ ನ್ಯಾಯ ಸೇರಿಸುತ್ತಾರೆ. 'ಅವನ ಸಿಟ್ಟು ಜಾಸ್ತಿ, ಮನಸ್ಸು ಒಳ್ಳೇದು, ಹೊಂದಿಕೊಂಡು ಹೋಗವ್ವ' ಎಂದು ಬುದ್ಧಿ ಹೇಳಿ ಅದೇ ಮನೆಗೆ ಕಳಿಸುತ್ತಾರೆ. ಹಿಂದಿನ ರಾತ್ರಿ ದ್ರೌಪದಿಗಾಗಿ ಕಣ್ಣೊರೆಸಿಕೊಂಡವರೂ ಆ ನ್ಯಾಯದಲ್ಲಿ ಇರುತ್ತಾರೆ. ಗಂಡಸಿನ ಗುಡುಗನ್ನು ರಂಗದ ಮೇಲೆ ಮೂರು ಸಲ ಕೇಳಿ ಮೆಚ್ಚಿದ ಊರಿಗೆ ಮನೆಯೊಳಗಿನ ಗುಡುಗು ಸಹಜವಾಗಿ ಕೇಳಿಸುತ್ತದೆ. ಆ ರಾತ್ರಿಯೇ ಒಬ್ಬಳು 'ಏನ್ ಗಂಟ್ಲು ಕಣಕ್ಕ ಅವುಂದು!' ಎಂದು ಮೆಚ್ಚಿಕೊಂಡಾಗ ಇನ್ನೊಬ್ಬಳು, 'ಹೂಂ, ದಿನಾ ಅವನ ಹೆಂಡ್ತಿ ಕೇಳ್ತಾಳಲ್ಲ' ಎಂದು ಸಣ್ಣ ದನಿಯಲ್ಲಿ ಹೇಳಿದಳು. ಸುತ್ತ ಕೂತವರು ನಕ್ಕರು. ಆ ನಗುವಿನಲ್ಲಿ ಎಷ್ಟು ಮನೆಗಳ ಸುದ್ದಿ ಇತ್ತು!

ಇನ್ನೊಂದು ಮಾತು. ನಾಟಕದಲ್ಲಿ ಪಾತ್ರ ಪುಕ್ಕಟೆ ಸಿಗುವುದಿಲ್ಲ. ಪಾತ್ರಕ್ಕೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ನಟಿಯರ ಸಂಬಳ ಎಲ್ಲಾ ಅದರಿಂದಲೇ ಆಗಬೇಕು. ಕೊಬ್ಬರಿಗೆ ಒಳ್ಳೆ ಬೆಲೆ ಇದ್ದ ವರ್ಷ ತೊಂದರೆಯಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿ ಕಾದಿಟ್ಟು, ಕೊನೆಗೆ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿರುತ್ತದೆ ನೋಡಿ, ಅಂಥ ವರ್ಷ ಪಾತ್ರದ ದುಡ್ಡು ಎಲ್ಲಿಂದ ಬರಬೇಕು? ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅದು ಹೆಂಡತಿಯ ಕೊರಳಿನಿಂದ ಬಂತು. ಮದುವೆಯಲ್ಲಿ ತವರಿನವರು ಹಾಕಿದ ಎರಡೆಳೆ ಸರ ಗಿರವಿ ಅಂಗಡಿ ಸೇರಿತು. ಬೇಡ ಅಂದದ್ದಕ್ಕೆ ಏಟು ಬಿತ್ತು. ನಾಟಕದ ರಾತ್ರಿ ಅವಳು ಬರಿ ಕೊರಳಲ್ಲಿ ಬಂದು ಮುಂದೆ ಕೂತಿದ್ದಳು. ಸರ ಇನ್ನೂ ಬಿಡಿಸಿಲ್ಲ. ಹೆಂಡತಿಯ ಒಡವೆ ಒತ್ತೆ ಇಟ್ಟು, ಹೆಂಡತಿಯನ್ನು ಒತ್ತೆ ಇಟ್ಟ ಕತೆಯಲ್ಲಿ ಪಾತ್ರ ಮಾಡುವುದು!

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸಂಘದ ಪ್ರತಿಯೊಬ್ಬ ಸದಸ್ಯೆಯೂ ತಿಳಿದಿರಬೇಕು. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಒಡವೆ ಅವಳ ಸ್ತ್ರೀಧನ, ಅದು ಅವಳೊಬ್ಬಳ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂತಿರುಗಿಸುವುದು ಅವನ ಹೊಣೆ ಎಂದು 2024ರಲ್ಲಿ ಮತ್ತೆ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆಯುವುದು ಮಾತ್ರ ದೌರ್ಜನ್ಯ ಎಂದು ಅದು ಹೇಳುವುದಿಲ್ಲ. ಹೆಂಡತಿಯ ಒಡವೆ ಮಾರುವುದು, ಮನೆ ಖರ್ಚಿಗೆ ಕೊಡದಿರುವುದು ಸಹ ಆರ್ಥಿಕ ದೌರ್ಜನ್ಯ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ ದೂರು ಕೊಡಬಹುದು. 181ಕ್ಕೆ ಫೋನು ಮಾಡಬಹುದು. ಹಿಂದೆ 498ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಆಗಿದೆ. ನಂಬರು ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ.

ಇನ್ನು ದ್ರೌಪದಿಯ ಪಾತ್ರ ಮಾಡುವ ಹೆಣ್ಣುಮಗಳ ವಿಷಯ. ಒಂದು ಕಾಲಕ್ಕೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಗುಬ್ಬಿ ಕಂಪನಿಯ ಬಿ. ಜಯಮ್ಮನವರಂಥ ನಟಿಯರು ರಂಗಕ್ಕೆ ಬಂದು ದಾರಿ ಮಾಡಿಕೊಟ್ಟರು. ಇವತ್ತು ನಮ್ಮೂರಿಗೆ ಬರುವ ನಟಿ ಹಗಲು ಬಸ್ಸಿನಲ್ಲಿ ಬಂದು, ಗೊತ್ತಿಲ್ಲದ ಊರಿನಲ್ಲಿ ಬಣ್ಣ ಹಚ್ಚಿ, ಬೆಳಗಿನವರೆಗೆ ಹಾಡಿ, ಮಾರನೆಯ ರಾತ್ರಿಗೆ ಇನ್ನೊಂದು ಊರಿಗೆ ಹೋಗಬೇಕು. ಊರಿನ ದುರ್ಯೋಧನನಿಗೆ ವರ್ಷಕ್ಕೊಂದು ನಾಟಕ, ಇವಳಿಗೆ ಇದೇ ಹೊಟ್ಟೆಪಾಡು. ಅವಳಿಗೆ ಸಿಳ್ಳೆ ಹಾಕುವವರು, ನೋಟು ಕೊಡುವ ನೆಪದಲ್ಲಿ ಕೈ ಹಿಡಿಯುವವರು ಇದ್ದಾರೆ. ಸೀರೆ ಸೆಳೆದ ಕತೆ ಹೇಳುವ ಹೆಣ್ಣಿಗೆ ರಂಗದ ಮೇಲೆಯೇ ಅವಮಾನ ಮಾಡಿದರೆ ಆ ನೋಡುವವರನ್ನು ಯಾವ ಪಕ್ಷಕ್ಕೆ ಸೇರಿಸಬೇಕು?

ನೋಡುವ ಜನ ಬದಲಾಗುವುದಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ನಮ್ಮ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲೇ ಹುಟ್ಟಿದ ಉಮಾಶ್ರೀಯವರನ್ನು ನೆನೆಯಿರಿ. 1984ರ 'ಅನುಭವ' ಚಿತ್ರದ ನಂತರ ಸಿನಿಮಾದವರು ಅವರಿಗೆ ಹೆಚ್ಚಾಗಿ ಕೊಟ್ಟದ್ದು ಜನರನ್ನು ನಗಿಸುವ ಪಾತ್ರಗಳನ್ನು. ಅದೇ ನಟಿ ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ನಾಟಕ ಮಾಡಿದಾಗ ಸಾಕವ್ವನಾಗಿ ನಿಂತರು. ಕಿರೀಟ ಇಲ್ಲ, ಗದೆ ಇಲ್ಲ. ಕಳೆದುಹೋದ ಹುಂಜ ಹುಡುಕುವ, ಪೊಲೀಸರು ಮನೆಗೆ ನುಗ್ಗಿದರೆ ಎದುರು ನಿಲ್ಲುವ ಒಬ್ಬ ದಲಿತ ಮುದುಕಿ. ಆ ಮುದುಕಿಯ ಸಂಕಟ, ಬೈಗುಳ, ಪ್ರೀತಿಯೇ ನಾಟಕದ ಜೀವ. ಕರ್ನಾಟಕದ ಜನ ಅದನ್ನು ನೋಡಿದರು, ಮೆಚ್ಚಿದರು, ಉಮಾಶ್ರೀ ಎಂದರೆ ಸಾಕವ್ವ ಎನ್ನುವಂತಾಯಿತು. ಮುಂದೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2013ರಿಂದ 2018ರವರೆಗೆ ಅವರು ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯೂ ಆಗಿದ್ದರು. ಗದೆ ಹಿಡಿದವನು ಮಾತ್ರ ರಾತ್ರಿಯಿಡೀ ಜನರನ್ನು ಹಿಡಿದಿಡಬಲ್ಲ ಎಂಬುದು ಸುಳ್ಳು. ಹೆಣ್ಣಿನ ಮಾತಿಗೂ ಜನ ಕಿವಿ ಕೊಡುತ್ತಾರೆ, ಆ ಮಾತನ್ನು ಪೂರ್ತಿ ಆಡಲು ಬಿಟ್ಟರೆ.

ಹಾಗಾದರೆ ನಾವು ಏನು ಮಾಡಬಹುದು? ನಾಟಕದ ಕಮಿಟಿಯವರು ಚಂದಾ ಕೇಳಲು ಸಂಘಕ್ಕೂ ಬರುತ್ತಾರೆ. ಕೊಡೋಣ, ಆದರೆ ಮೂರು ಮಾತು ಹೇಳಿ ಕೊಡೋಣ. ನಟಿಯರಿಗೆ ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಕೋಣೆ ಕೊಡಬೇಕು, ಒಪ್ಪಿದ ಸಂಬಳವನ್ನು ಪರದೆ ಏಳುವ ಮುಂಚೆಯೇ ಕೊಡಬೇಕು, ಅವರನ್ನು ಬಸ್ಸು ಹತ್ತಿಸುವವರೆಗೆ ಕಮಿಟಿಯೇ ಜವಾಬ್ದಾರಿ ಹೊರಬೇಕು. ಸಿಳ್ಳೆ ಹಾಕಿದವನನ್ನು ಮೈಕಿನಲ್ಲೇ ಗದರಿಸಬೇಕು. ದ್ರೌಪದಿಯ ಮಾತನ್ನು ಹೊತ್ತಾಯಿತೆಂದು ಕತ್ತರಿಸಬಾರದು.

ನಮ್ಮ ನಮ್ಮಲ್ಲೂ ಒಂದು ಕಟ್ಟುಪಾಡು ಇರಲಿ. ಸಂಘದ ಸಾಲ ಪಾತ್ರದ ದುಡ್ಡಿಗೆ ಹೋಗಬಾರದು. ಹೆಂಡತಿಯ ಹೆಸರಿನಲ್ಲಿ ಸಾಲ ತೆಗೆಸಿ ಗಂಡ ಕಿರೀಟ ಹಾಕಿಕೊಳ್ಳುವುದನ್ನು ಸಭೆಯಲ್ಲೇ ತಡೆಯಬೇಕು. ಯಾರದಾದರೂ ಒಡವೆ ಗಿರವಿಗೆ ಹೋಗಿದ್ದರೆ ಅವಳೊಬ್ಬಳೇ ಕೇಳುವುದು ಕಷ್ಟ, ಹತ್ತು ಜನ ಜೊತೆಗೆ ಹೋಗಿ ಕೇಳಿದರೆ ಉತ್ತರ ಬರುತ್ತದೆ. ನಾಟಕ ಆದ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಬರೆದು ಮುಗಿಸಿದ ಮೇಲೆ ಅರ್ಧ ಗಂಟೆ ನಾಟಕದ ಮಾತಾಡಿ. ಸಭೆಯಲ್ಲಿ ಯಾರು ಸುಮ್ಮನಿದ್ದರು, ಯಾರು ಎದ್ದು ನಿಂತರು, ನಮ್ಮ ಊರಿನಲ್ಲಿ ವಿಕರ್ಣ ಯಾರು ಎಂದು ಕೇಳಿಕೊಳ್ಳಿ. ಹಾಗೆ ಮಾತಾಡುವಾಗ ತನ್ನ ಮನೆಯ ಕತೆ ಹೇಳಿಕೊಳ್ಳುವ ಒಬ್ಬಳಾದರೂ ಇರುತ್ತಾಳೆ. ಅವಳ ಮಾತು ಮುಗಿಯುವವರೆಗೆ ಯಾರೂ ಏಳಬೇಡಿ.

ಮುಂದಿನ ಸಲ ದ್ರೌಪದಿ ಬಿಚ್ಚಿದ ಮುಡಿಯಲ್ಲಿ ಬಂದು ತನ್ನ ಮಾತು ಹೇಳಿ ಮುಗಿಸಿದಾಗ ಚಾಪೆಯ ಮೇಲಿನಿಂದ ನಾವೇ ಗಟ್ಟಿಯಾಗಿ ಒನ್ಸ್ ಮೋರ್ ಕೂಗೋಣ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ತಿರುಗಿ ನೋಡಲಿ. ನಿಮ್ಮ ಊರಿನಲ್ಲಿ ಹಾಗೆ ಕೂಗಿದಾಗ ಏನಾಯಿತು, ನಾಲ್ಕು ಸಾಲು ಬರೆದು ಕಳಿಸಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿ.