ನೆಲದೊಳಗಿನ ತುಕ್ಕಿಗೆ ಹೊಣೆ ಯಾರು?

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಗಿರಣಿಯಲ್ಲಿ ದುಡಿದವನಿಗೆ ಹೊಸ ಸಂಗತಿಯಲ್ಲ. ಮೇಲಿನ ತುಕ್ಕು ಕಣ್ಣಿಗೆ ಬೀಳುತ್ತದೆ. ಕೆರೆದು ಬಣ್ಣ ಬಳಿಯಬಹುದು. ನೆಲದಲ್ಲಿ ಹೂತ ಕೊಳವೆಯ ತುಕ್ಕು ಹಾಗಲ್ಲ. ಪರೀಕ್ಷೆ ಮಾಡದಿದ್ದರೆ ಅದು ಜನರಿಗೆ ತಿಳಿಯುವುದು ಅನಾಹುತವಾದ ಮೇಲೆಯೇ.

2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಆದದ್ದು ಇದೇ. ಸರಕಾರದ್ದೇ ಆದ ಗೇಲ್ ಸಂಸ್ಥೆಯ ಕೊಳವೆ ಸೋರಿ ಅನಿಲ ಊರನ್ನು ಮುಸುಕಿತು. ಚಹಾ ಅಂಗಡಿಯವನೊಬ್ಬ ಒಲೆ ಹೊತ್ತಿಸಿದಾಗ ಬೆಂಕಿ ಹತ್ತಿತೆಂದು ಅಂದಿನ ಪತ್ರಿಕೆಗಳು ಬರೆದವು. 20ಕ್ಕೂ ಹೆಚ್ಚು ಜನ ಸತ್ತರು. ಮನೆಗಳೂ ತೆಂಗಿನ ತೋಟಗಳೂ ಸುಟ್ಟುಹೋದವು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನಂಶವುಳ್ಳ ಅನಿಲವನ್ನು ಹರಿಸಿದ್ದು ವಿಚಾರಣೆಯಲ್ಲಿ ಹೊರಬಿದ್ದಿತು. ನೀರೂ ಇಂಗಾಲಾಮ್ಲ ವಾಯುವೂ ಕೂಡಿದರೆ ಹುಳಿಯಾಗುತ್ತದೆ. ಆ ಹುಳಿನೀರು ಕೊಳವೆಯ ತಳದಲ್ಲಿ ನಿಂತು ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ. ಇದನ್ನು ವಿಧಿಯೆಂದು ಕರೆಯಲು ನಾವು ಸಿದ್ಧರಿಲ್ಲ.

ಆಂಧ್ರದ ಮಾತು ಕಲಬುರಗಿಗೇಕೆ ಎನ್ನುವವರಿದ್ದಾರೆ. ದಾಭೋಳದಿಂದ ಬೆಂಗಳೂರಿಗೆ ಹೋಗುವ ಅನಿಲ ಮಾರ್ಗ 2013ರಲ್ಲಿಯೇ ಬೆಳಗಾವಿ, ಧಾರವಾಡ, ದಾವಣಗೆರೆಗಳ ನೆಲ ಹಾಯ್ದು ಹೋಗಿದೆ. ಕೊಳವೆಗಳ ಜಾಲ ವರ್ಷ ವರ್ಷಕ್ಕೆ ಹಬ್ಬುತ್ತಿದೆ. ಇನ್ನು ನಮ್ಮ ಸೀಮೆಯ ಎರೆಭೂಮಿಯ ಗುಣವನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರಿಯುವ ಮಣ್ಣಿದು. ಕೊಳವೆಯ ಬೆಸುಗೆ, ಹೊದಿಕೆಗಳ ಮೇಲೆ ಆ ಎಳೆತ ಬೀಳುತ್ತದೆ. ತೇವ ಹಿಡಿದ ಎರೆಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿಗೂ ಅದು ಅನುಕೂಲ. ಕುಡಿಯುವ ನೀರಿನ ಹಳೆಯ ಕೊಳವೆಗೂ ಇದೇ ಗತಿ: ನೀರು ಬಿಡದ ಹೊತ್ತಿನಲ್ಲಿ ತೂತಿನೊಳಗೆ ಗಟಾರದ ಹೊಲಸು ಸೇರುತ್ತದೆ.

ಮದ್ದಿಲ್ಲದ ರೋಗವೇನೂ ಇದಲ್ಲ. ಕೊಳವೆಗೆ ಹೊದಿಕೆ ಹಾಕುತ್ತಾರೆ. ಸಣ್ಣ ವಿದ್ಯುತ್ ಪ್ರವಾಹ ಕೊಟ್ಟು ತುಕ್ಕನ್ನು ತಡೆಯುತ್ತಾರೆ. 'ಪಿಗ್' ಎಂಬ ಯಂತ್ರವನ್ನು ಒಳಗೆ ಓಡಿಸಿ ಉಕ್ಕು ಎಲ್ಲಿ ತೆಳ್ಳಗಾಗಿದೆಯೆಂದು ಅಳೆಯುತ್ತಾರೆ. ಆಮೇಲೆ ಎರಡು ಲೆಕ್ಕ: ಒಡೆಯುವ ಸಂಭವವೆಷ್ಟು, ಒಡೆದರೆ ನಷ್ಟವೆಷ್ಟು. ನಮ್ಮ ತಕರಾರು ಇರುವುದು ಈ ಎರಡನೆಯ ಲೆಕ್ಕದಲ್ಲಿ. ಅದನ್ನು ಬರೆಯುವ ಮೇಜಿನ ಬಳಿ ಕೊಳವೆಯ ಪಕ್ಕದಲ್ಲಿ ಮಲಗುವವನಿಗೆ ಸ್ಥಾನವಿಲ್ಲ.

ನಾವು ಕೊಳವೆಯ ವಿರೋಧಿಗಳಲ್ಲ. ಹೆದ್ದಾರಿಯಲ್ಲಿ ಟ್ಯಾಂಕರುಗಳನ್ನು ಓಡಿಸುವುದಕ್ಕಿಂತ ಚೆನ್ನಾಗಿ ಕಾಯ್ದ ಕೊಳವೆ ಎಷ್ಟೋ ಮೇಲು. ಆದರೆ 1962ರ ಕಾಯಿದೆಯನ್ನು ನೋಡಿರಿ. ಕೊಳವೆ ಹಾಯುವ ಹೊಲ ಹೆಸರಿಗೆ ರೈತನದೇ. ಅಲ್ಲಿ ಮನೆ ಕಟ್ಟುವಂತಿಲ್ಲ, ಗಿಡ ನೆಡುವಂತಿಲ್ಲ. ಬೆಳೆ ಹಾನಿಯ ಪರಿಹಾರ ಬಿಟ್ಟರೆ, ಆ ಹಕ್ಕಿಗೆ ಅವನಿಗೆ ಸಿಗುವುದು ನೆಲದ ಬೆಲೆಯ ಶೇಕಡಾ 10. ನಾಳೆ ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಇಂಥ ಕೊಳವೆ ಹಾಯ್ದರೆ, ಅದು ಎಷ್ಟು ಸವೆದಿದೆಯೆಂದು ಕೇಳುವ ಅಧಿಕಾರವಾದರೂ ಆ ರೈತನಿಗೆ ಬೇಡವೆ?

ಪರೀಕ್ಷೆಯ ಪ್ರಮಾಣಪತ್ರವಿಲ್ಲದೆ ಗಿರಣಿಯ ಬಾಯ್ಲರ್ ನಡೆಸಕೂಡದೆಂಬ ಕಾಯಿದೆ 1923ರಲ್ಲಿಯೇ ಬಂದಿತು. ಬಾಯ್ಲರ್ ಸಿಡಿದು ಕೂಲಿಕಾರರು ಸತ್ತ ಮೇಲೆ ಬಂದ ಬುದ್ಧಿ ಅದು. ಕೊಳವೆಗೂ ನಿಯಮಗಳಿವೆ, ಆದರೆ ಪರೀಕ್ಷೆಯ ವರದಿ ಕಂಪನಿಯ ಕಪಾಟಿನಲ್ಲಿದ್ದರೆ ಜನರಿಗೇನು ಫಲ? ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಅಗೆತಕ್ಕೆ ಅನುಮತಿ ಕೊಡುವ ಮೊದಲೇ ಮಣ್ಣಿನ ಪರೀಕ್ಷೆಯಾಗಿ, ಅದರ ಫಲಿತಾಂಶ ಬಹಿರಂಗವಾಗಬೇಕು. ಕೊಳವೆಯ ತಪಾಸಣೆಯ ವರದಿಯನ್ನು ಕನ್ನಡದಲ್ಲಿ ನಗರಪಾಲಿಕೆಯಲ್ಲಿಯೂ ಪಂಚಾಯತಿಯಲ್ಲಿಯೂ ವರ್ಷಕ್ಕೊಮ್ಮೆ ತೂಗುಹಾಕಬೇಕು. ಸೋರಿಕೆಯ ದೂರು ಕೊಟ್ಟವನಿಗೆ, ಕೇಳಿಸಿಕೊಂಡ ಅಧಿಕಾರಿಯ ಹೆಸರೂ ಹೊತ್ತೂ ಇರುವ ರಸೀದಿ ಸಿಗಬೇಕು.

ಬೇಳೆ ಗಿರಣಿಯ ಹಮಾಲನೂ ಚಹಾ ಅಂಗಡಿಯವನೂ ಇಷ್ಟನ್ನು ಕೇಳಬಲ್ಲರು. ಕೊಳವೆ ಹೂಳುವ ಮೊದಲೇ ಕೇಳಬೇಕು. ಹೆಣ ಹೂತ ಮೇಲೆ ಕೇಳಿದರೆ ಸಿಗುವುದು ಪರಿಹಾರದ ಚೆಕ್ಕು ಮಾತ್ರ.