ಚಕ್ಕೆಯ ರಾಶಿ ನೋಡಿ ಕಾಡನ್ನು ಅಳೆಯಬೇಡಿ

ಮರದ ಚಕ್ಕೆ ಮತ್ತು ಮರದ ಉಳಿಕೆಯನ್ನು ಯಾವ ದೇಶ ಎಷ್ಟು ಉತ್ಪಾದಿಸುತ್ತದೆ ಎಂಬ ಅಂಕಿಅಂಶವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರತಿವರ್ಷ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಸ್ವೀಡನ್ ಇದೆ, ವಿಯೆಟ್ನಾಂ ಕೂಡ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ಮುಂದೆ, ಯಾರು ಹಿಂದೆ ಎಂದು ಹೇಳಿಬಿಡುವುದು ಸುಲಭ. ಆದರೆ ಆ ಹೋಲಿಕೆಗೆ ಅರ್ಥವಿಲ್ಲ. ಒಂದು ಕಡೆ ಚಕ್ಕೆ ಎಂದರೆ ಹಲಗೆ ಕೊಯ್ದ ಮೇಲೆ ಉಳಿದದ್ದು. ಇನ್ನೊಂದು ಕಡೆ ಮರ ಬೆಳೆಸಿದ್ದೇ ಚಕ್ಕೆಗಾಗಿ.

ಸ್ವೀಡನ್ನಿನ ನೆಲದಲ್ಲಿ ಸುಮಾರು ಶೇ 70ರಷ್ಟು ಕಾಡು. ಅಲ್ಲಿನ ಸ್ಪ್ರೂಸ್ ಮತ್ತು ಪೈನ್ ಮರಗಳು ಕಡಿತಲೆಗೆ ಬರಲು ಆರೇಳು ದಶಕ, ಉತ್ತರದ ಚಳಿಯಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ಸಾಮಿಲ್ಲಿಗೆ ಬಂದ ದಿಮ್ಮಿಯಲ್ಲಿ ಹಲಗೆ, ತೊಲೆಗಳಾಗುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಮಿಕ್ಕಿದ್ದರಲ್ಲಿ ಅಂಚಿನ ತುಂಡುಗಳು ಚಕ್ಕೆಯಾಗಿ ಕಾಗದದ ಕಾರ್ಖಾನೆಗೆ ಹೋಗುತ್ತವೆ. ತೊಗಟೆ, ಹೊಟ್ಟು ಬಾಯ್ಲರಿಗೆ ಬೀಳುತ್ತವೆ. ವೆಕ್ಷೊ ನಗರ ಮನೆಗಳನ್ನು ಬೆಚ್ಚಗಿಡಲು 1980ರಲ್ಲೇ ಮರದ ಉಳಿಕೆಯನ್ನು ಉರಿಸತೊಡಗಿತು. 1991ರಲ್ಲಿ ಸರ್ಕಾರ ಇಂಗಾಲದ ತೆರಿಗೆ ಹಾಕಿದ ಮೇಲೆ ಕಲ್ಲಿದ್ದಲು, ತೈಲ ದುಬಾರಿಯಾಗಿ, ಅದುವರೆಗೆ ಕಾಡಿನಲ್ಲೇ ಕೊಳೆಯುತ್ತಿದ್ದ ರೆಂಬೆ ಕೊಂಬೆಗಳಿಗೂ ಬೆಲೆ ಬಂತು. ಇಲ್ಲಿ ಚಕ್ಕೆಯ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಹಲಗೆಯ ಬೇಡಿಕೆ.

ವಿಯೆಟ್ನಾಮಿನ ಕಥೆ ಬೇರೆ. ಜಗತ್ತಿನಲ್ಲಿ ಅತಿ ಹೆಚ್ಚು ಚಕ್ಕೆ ರಫ್ತು ಮಾಡುವ ದೇಶ ಅದು. 2022ರಲ್ಲಿ ರಫ್ತು 1.5 ಕೋಟಿ ಟನ್ ದಾಟಿತ್ತು. ಅದರ ಬಹುಪಾಲು ಹೋಗುವುದು ಚೀನಾ ಮತ್ತು ಜಪಾನಿನ ಕಾಗದದ ಉದ್ಯಮಕ್ಕೆ. ಮೂಲ, ಸಣ್ಣ ಹಿಡುವಳಿದಾರರು ಬೆಳೆಸಿದ ಅಕೇಶಿಯಾ. ನಮ್ಮ ಮಲೆನಾಡು, ಕರಾವಳಿಯ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾವೇ ಅಲ್ಲಿನ ಮಿಶ್ರತಳಿಯ ಒಂದು ಮೂಲ. ಐದಾರು ವರ್ಷಕ್ಕೆ ಮರ ಕಡಿದು, ತೊಗಟೆ ಸುಲಿದು, ಕಾಂಡವನ್ನು ಇಡಿಯಾಗಿ ಯಂತ್ರಕ್ಕೆ ಕೊಡುತ್ತಾರೆ. ಅದೇ ದೇಶ ತನ್ನ ಪೀಠೋಪಕರಣ ಕಾರ್ಖಾನೆಗಳಿಗೆ ಅಮೆರಿಕ, ಆಫ್ರಿಕಾಗಳಿಂದ ಮರ ತರಿಸಿಕೊಳ್ಳುತ್ತದೆ.

ಎಣಿಕೆಯ ನಿಯಮವೂ ಈ ಗೊಂದಲವನ್ನು ಹೆಚ್ಚಿಸುತ್ತದೆ. ಕಾಡಿನಲ್ಲೇ ದಿಮ್ಮಿಯಿಂದ ನೇರವಾಗಿ ಮಾಡಿದ ಚಕ್ಕೆಯನ್ನು ಆಹಾರ ಮತ್ತು ಕೃಷಿ ಸಂಸ್ಥೆ ಚಕ್ಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಆಗಲೇ ಪಲ್ಪ್ ಮರ ಅಥವಾ ಸೌದೆಯ ಲೆಕ್ಕದಲ್ಲಿರುತ್ತದೆ. ಉಳಿಕೆ ಎಂಬ ಹೆಸರು ಸಲ್ಲುವುದು ಚಕ್ಕೆಯಾಗದೆ ಉಳಿದ ಹೊಟ್ಟು, ತುಂಡುಗಳಿಗೆ ಮಾತ್ರ. ಅಂದರೆ ಚಕ್ಕೆ ಮಾಡುವ ಯಂತ್ರ ಎಲ್ಲಿ ನಿಂತಿದೆ ಎಂಬುದರ ಮೇಲೆ ಅದೇ ಮರ ಬೇರೆ ಸಾಲಿಗೆ ಸೇರುತ್ತದೆ. ದಿಮ್ಮಿ, ಚಕ್ಕೆ, ಉಳಿಕೆ ಮೂರನ್ನೂ ಕೂಡಿದರೆ ಒಂದೇ ಮರವನ್ನು ಎರಡು ಸಲ ಎಣಿಸಿದಂತೆ.

ಮರ ಹಲಗೆಗಾಗುವಷ್ಟು ದಪ್ಪವಾಗಲೆಂದು ವಿಯೆಟ್ನಾಮಿನ ಬಡ ರೈತ ಹತ್ತು ಹನ್ನೆರಡು ವರ್ಷ ಹೇಗೆ ಕಾದಾನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಪ್ಪ ದಿಮ್ಮಿಗೆ ಟನ್ನಿಗೆ ಹೆಚ್ಚು ಬೆಲೆ ಸಿಗುತ್ತದೆ ನಿಜ, ಆದರೆ ಆ ಬೆಲೆ ಕೈಸೇರುವ ಮೊದಲೇ ಚಂಡಮಾರುತ ತೋಪನ್ನು ಮಲಗಿಸಬಹುದು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಕ್ವಾಂಗ್ ನಿನ್ಹ್ ಪ್ರಾಂತ್ಯದ ತೋಪುಗಳಿಗೆ ಮಾಡಿದ್ದು ಅದನ್ನೇ. ಬೇಗ ಕಡಿಯುವುದು ಅವರ ಪಾಲಿಗೆ ದುರಾಸೆಯಲ್ಲ, ವಿಮೆ. ಹಾಗಾಗಿ ದೂರಬೇಕಾದದ್ದು ರೈತನನ್ನಲ್ಲ; ಕಾಯಲು ಬೇಕಾದ ಸಾಲ, ವಿಮೆಗಳಿಲ್ಲದ ಮಾರುಕಟ್ಟೆಯನ್ನು. ಹಾಗಾದರೆ ಸ್ವೀಡನ್ ನಿರ್ದೋಷಿಯೇ ಎಂಬುದು ಇನ್ನೊಂದು ಆಕ್ಷೇಪ. ಅಲ್ಲ. ಇಡೀ ಪ್ರದೇಶವನ್ನು ಒಮ್ಮೆಗೇ ಬೋಳಿಸುವ ಪದ್ಧತಿ ಅಲ್ಲಿದೆ. ರೆಂಬೆಗಳನ್ನೆಲ್ಲ ಹೊತ್ತೊಯ್ದರೆ ಮಣ್ಣಿನ ಸಾರವೂ ಹೋಗುತ್ತದೆ, ಸತ್ತ ಮರವನ್ನೇ ನಂಬಿದ ಕೀಟ, ಅಣಬೆಗಳ ನೆಲೆಯೂ ಹೋಗುತ್ತದೆ. ಉಳಿಕೆ ಎಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ.

ಈ ಎರಡು ಆಕ್ಷೇಪಗಳೂ ನನ್ನ ವಾದವನ್ನೇ ಗಟ್ಟಿಗೊಳಿಸುತ್ತವೆ. ಗುಣ ದೋಷ ಯಾವುದೂ ಚಕ್ಕೆಯ ಮೊತ್ತದಲ್ಲಿ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು: ಮರದ ವಯಸ್ಸೆಷ್ಟಿತ್ತು, ಅದೇ ಮರದಿಂದ ಎಷ್ಟು ಹಲಗೆ ಬಂತು, ನೆಲಕ್ಕೆ ಏನು ಉಳಿಯಿತು? ಇವಕ್ಕೆ ಉತ್ತರ ಕೊಡದ ಪಟ್ಟಿ ಯಂತ್ರಗಳು ಎಷ್ಟು ದುಡಿದವು ಎಂದು ಹೇಳಬಲ್ಲದು, ಕಾಡು ಹೇಗಿದೆ ಎಂದು ಹೇಳಲಾರದು.