ಯಂತ್ರ ಕೊಟ್ಟು ಕೈ ತೊಳೆದುಕೊಳ್ಳುವವರು

ಈಚೆಗೆ ನಮ್ಮೂರ ಸಭೆಯೊಂದರಲ್ಲಿ ಮಹನೀಯರೊಬ್ಬರು ಅಪ್ಪಣೆ ಕೊಡಿಸಿದರು: "ಹುಡುಗರಿಗೆ ಛಾಯಾಗ್ರಹಣವನ್ನು ಇನ್ನು ಕಲಿಸತಕ್ಕದ್ದೇನಿದೆ? ಮನೆಮನೆಯಲ್ಲೂ ಮೊಬೈಲು ಇದೆಯಲ್ಲ!" ಸಭೆ ನಕ್ಕಿತು. ಸೌಜನ್ಯಕ್ಕಾಗಿ ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಎಲ್ಲರ ಜೇಬಿನಲ್ಲೂ ಪೆನ್ನು ಇದೆ, ಆದ್ದರಿಂದ ಬರವಣಿಗೆ ಕಲಿಸಬೇಕಾಗಿಲ್ಲ ಎಂದು ಈ ಮಹನೀಯರು ಹೇಳಿಯಾರೆ?

ಆದರೆ ಅವರಿಗಿಂತ ನನಗೆ ಹೆಚ್ಚು ಭಯ ಇನ್ನೊಂದು ಪಂಗಡದವರದು. ಅವರು ಕಲೆಯ ಪರವಾಗಿರುವವರು. ಬಡ ಮಕ್ಕಳ ಕೊರಳಿಗೆ ಹತ್ತು ದಿನದ ಮಟ್ಟಿಗೆ ಕ್ಯಾಮರಾ ತೂಗುಹಾಕುತ್ತಾರೆ. ಹನ್ನೊಂದನೆಯ ದಿನ ಪ್ರದರ್ಶನ, ದೀಪ ಬೆಳಗುವಿಕೆ, ಹಾರ. ಹನ್ನೆರಡನೆಯ ದಿನ ಕ್ಯಾಮರಾಗಳು ಪೆಟ್ಟಿಗೆ ಸೇರುತ್ತವೆ, ಮಕ್ಕಳು ಮನೆ ಸೇರುತ್ತಾರೆ.

ಎರಡು ವರ್ಷದ ಹಿಂದೆ ಇಂಥ ಪ್ರದರ್ಶನವೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಗೋಡೆಯ ತುಂಬ ಸೂರ್ಯಾಸ್ತಗಳು, ಸುಕ್ಕುಗಟ್ಟಿದ ಅಜ್ಜಿಯರು. ನಡುವೆ ಒಂದು ಚಿತ್ರ: ನೀರಿನ ಡ್ರಮ್ಮಿನ ಮೇಲೆ ಪುಟ್ಟ ಹುಡುಗನೊಬ್ಬ ಕುಳಿತಿದ್ದಾನೆ, ಅವನ ಅರ್ಧ ತಲೆ ಚೌಕಟ್ಟಿನಾಚೆ ಹೋಗಿದೆ; ಹಿಂದೆ, ಬಾಗಿಲಿಗೆ ಬೀಗ ಹಾಕುತ್ತಿರುವ ಹೆಂಗಸೊಬ್ಬಳ ಕೈ ಮಾತ್ರ. ತೆಗೆದವಳು ಒಂಬತ್ತನೆಯ ತರಗತಿಯ ಹುಡುಗಿ. ತಾಯಿ ಕೆಲಸಕ್ಕೆ ಹೊರಡುವ ಹೊತ್ತು ಅದಂತೆ. ನಾನು ಅದಕ್ಕೇ ಮೊದಲ ಸ್ಥಾನ ಬರೆದುಕೊಟ್ಟೆ. ವ್ಯವಸ್ಥಾಪಕರು, "ಅದು ತಪ್ಪಾಗಿ ಬಿದ್ದ ಪಟ ಸಾರ್" ಎಂದು ಬಹುಮಾನವನ್ನು ಒಂದು ಸೂರ್ಯಾಸ್ತಕ್ಕೆ ಕೊಟ್ಟರು. ನಾನು ಶಾಲು ಹೊದೆಸಿಕೊಂಡು, ಬಾಯಿ ಮುಚ್ಚಿಕೊಂಡು ಬಂದೆ.

ಕಲಿಸುವುದೆಂದರೇನೆಂದು ಬಲ್ಲವರೂ ಇದ್ದಾರೆ. ಅಮೆರಿಕದ ವೆಂಡಿ ಈವಾಲ್ಡ್ 1975ರ ಸುಮಾರಿಗೆ ಕೆಂಟಕಿಯ ಕಲ್ಲಿದ್ದಲು ಗಣಿಗಳ ಬೆಟ್ಟಸೀಮೆಗೆ ಹೋಗಿ, ಶಾಲಾಮಕ್ಕಳಿಗೆ ಅಗ್ಗದ ಕ್ಯಾಮರಾ ಹಿಡಿಸಿ, ಕತ್ತಲಕೋಣೆಯಲ್ಲಿ ಚಿತ್ರ ಅಚ್ಚುಹಾಕುವುದನ್ನೂ ಕಲಿಸಿದರು. ನಿನ್ನನ್ನು, ನಿನ್ನ ಮನೆಯವರನ್ನು, ನಿನ್ನ ಪ್ರಾಣಿಗಳನ್ನು, ಕೊನೆಗೆ ನಿನ್ನ ಕನಸನ್ನು ತೆಗೆ ಎಂಬುದು ಅಲ್ಲಿಯ ಪಾಠ. ಕನಸಿನ ಪಟ ತೆಗೆಯುವುದು ಹೇಗೆಂದು ನಮ್ಮ ಸಿಲಬಸ್ಸು ರಚಿಸುವ ಪಂಡಿತರನ್ನು ಕೇಳಿ ನೋಡಬೇಕು! ಆ ಚಿತ್ರಗಳು 1985ರಲ್ಲಿ ಪುಸ್ತಕವಾದುವು. ಅಷ್ಟಕ್ಕೇ ಮುಗಿಯಲಿಲ್ಲ. ದಶಕಗಳ ಮೇಲೆ ಆಕೆ ತಲೆ ನರೆಯುತ್ತಿದ್ದ ಆ ಮಕ್ಕಳನ್ನೇ ಹುಡುಕಿಕೊಂಡು ಹೋದರು. ಅದರ ಸಾಕ್ಷ್ಯಚಿತ್ರ 2020ರಲ್ಲಿ ಬಂತು. ಈ ನಡುವೆ 1989ರ ಹೊತ್ತಿಗೆ ಗುಜರಾತಿನ ವಿಛಿಯಾ ಎಂಬ ಹಳ್ಳಿಗೂ ಬಂದು ಅಲ್ಲಿಯ ಮಕ್ಕಳೊಡನೆ ಕೆಲಸ ಮಾಡಿದ್ದರು.

ಕಲ್ಕತ್ತೆಯ ಸೋನಾಗಾಛಿಯ ಕಥೆ ಹೆಚ್ಚು ಮಂದಿಗೆ ಗೊತ್ತು. ವೇಶ್ಯಾವಾಟಿಕೆಯ ಮಕ್ಕಳಿಗೆ ಛಾಯಾಗ್ರಹಣ ಕಲಿಸಿದ ಜ಼ಾನಾ ಬ್ರಿಸ್ಕಿಯ ಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಸ್ಥಳೀಯ ಮಹಿಳೆಯರ ಸ್ವಂತ ಸಂಘಟನೆಯನ್ನು ಚಿತ್ರ ಮರೆತಿತು, ತಾಯಂದಿರನ್ನು ಕೀಳಾಗಿ ಕಾಣಿಸಿತು ಎಂಬ ಆಕ್ಷೇಪಣೆಗಳೂ ಬಂದುವು. ಅವು ನ್ಯಾಯವೆಂದೇ ನನ್ನ ಮತ. ಹೊರಗಿನವರು ತಾವೇ ಉದ್ಧಾರಕರೆಂದು ತಿಳಿಯುವ ರೋಗ ಹಳೆಯದು. ಆದರೂ ಆ ಚಿತ್ರದ ಎರಡು ಸಂಗತಿಗಳನ್ನು ನಾನು ಬಿಟ್ಟುಕೊಡಲಾರೆ. ಒಂದು, ಕಾಂಟ್ಯಾಕ್ಟ್ ಷೀಟ್ ಹರಡಿಕೊಂಡು ಮಕ್ಕಳೊಡನೆ ಕುಳಿತು ಒಂದೊಂದು ಪಟವನ್ನೂ ನೋಡಿ ಆರಿಸುವುದು. ಇನ್ನೊಂದು, ಅವಿಜಿತ್ ಎಂಬ ಹುಡುಗನಿಗೆ ಆಂಸ್ಟರ್‌ಡ್ಯಾಂನಿಂದ ಕರೆ ಬಂದಾಗ ಅವನ ಪಾಸ್‌ಪೋರ್ಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದದ್ದು. ಕೆಲವು ಮಕ್ಕಳು ವಸತಿಶಾಲೆಗೆ ಹೋಗಲಾಗಲಿಲ್ಲ, ಹೋದವರಲ್ಲೂ ಕೆಲವರು ನಿಲ್ಲಲಿಲ್ಲ. ಚಿತ್ರದ ಕೊನೆಯಲ್ಲಿ ಅದನ್ನೂ ಮುಚ್ಚಿಡದೆ ಹೇಳಿದ್ದಾರೆ. ಅವಿಜಿತ್ ಮುಂದೆ ನ್ಯೂಯಾರ್ಕಿನಲ್ಲಿ ಚಲನಚಿತ್ರ ಓದಿದ.

ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆಯೇಕೆ ಎಂದೀರಿ. ಕಾರಣವಿದೆ. 'ನಾನು ಕಂಡ ಜಾತ್ರೆ' ಎಂಬ ಪ್ರಬಂಧ ಬರೆಸಿದರೆ ಅರವತ್ತು ಹುಡುಗರು ಒಂದೇ ಜಾತ್ರೆ ಬರೆಯುತ್ತಾರೆ: ಅದೇ ಬಳೆ ಅಂಗಡಿ, ಅದೇ ತೇರು, ಅದೇ "ಆನಂದಕ್ಕೆ ಪಾರವೇ ಇರಲಿಲ್ಲ". ಅದು ಗೈಡಿನವನು ಕಂಡ ಜಾತ್ರೆ. ಛಾಯಾಚಿತ್ರಕ್ಕೆ ಗೈಡಿಲ್ಲ. ಅಲ್ಲಿಗೆ ಹೋಗಿ, ನಿಂತು, ನೋಡಿಯೇ ತೆಗೆಯಬೇಕು. ಮೂವತ್ತಾರು ಪಟದಲ್ಲಿ ಮೂವತ್ತೈದನ್ನು ಬಿಟ್ಟು ಒಂದನ್ನು ಏಕೆ ಇಟ್ಟುಕೊಂಡೆ ಎಂದು ಹೇಳಬಲ್ಲ ಹುಡುಗ ನನ್ನ ತರಗತಿಗೆ ಬಂದರೆ ನನ್ನ ಕೆಲಸ ಅರ್ಧ ಆದಂತೆ.

"ಹೊಟ್ಟೆಗಿಲ್ಲದವರಿಗೆ ಕಲೆ ಏಕೆ?" ಎನ್ನುವವರ ಮಕ್ಕಳು ಸಂಜೆ ವೀಣೆಗೂ ಭರತನಾಟ್ಯಕ್ಕೂ ಹೋಗುತ್ತಾರೆ, ಆದ್ದರಿಂದ ಆ ವಾದಕ್ಕೆ ಉತ್ತರ ಬರೆದು ಕಾಗದ ವ್ಯರ್ಥಮಾಡಲಾರೆ. ಶಾಲೆಯಲ್ಲಿ ಕಲೆ ಅಲಂಕಾರವಲ್ಲ, ಪಾಠವೇ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹೇಳಿತು. ಪರೀಕ್ಷೆ ಹತ್ತಿರ ಬಂತೆಂದರೆ ಚಿತ್ರಕಲೆಯ ಪಿರಿಯಡ್ಡನ್ನು ಗಣಿತದ ಮೇಷ್ಟರು ಕಸಿದುಕೊಳ್ಳುವುದು ನಿಂತಿದೆಯೆ? ನಿಮ್ಮ ಮನೆಯ ಹುಡುಗರನ್ನೇ ಕೇಳಿ.

ದಾನಿಗಳು ಕ್ಯಾಮರಾ ಕೊಡುವುದಾದರೆ ಕೊಡಲಿ, ಹಿಂದಕ್ಕೆ ಕೇಳದಿರಲಿ. ಅದರ ಜೊತೆಗೆ, ವಾರಕ್ಕೊಂದು ಗಂಟೆ ಮಕ್ಕಳ ಪಕ್ಕದಲ್ಲಿ ಕುಳಿತು ಪಟ ನೋಡುವ ಒಬ್ಬ ಮನುಷ್ಯನಿಗೆ ಎರಡು ವರ್ಷದ ಸಂಬಳವನ್ನೂ ಕೊಡಲಿ. ದೀಪ, ಹಾರ, ಶಾಲುಗಳ ಖರ್ಚು ಉಳಿಸಿದರೆ ಸ್ವಲ್ಪ ಅದಕ್ಕೂ ಆದೀತು. ನನಗೆ ಹೊದೆಸಿದ ಶಾಲು ಹಾಗೇ ಇದೆ, ಬೇಕಾದರೆ ಹಿಂದಕ್ಕೆ ಕೊಡುತ್ತೇನೆ.

ಆ ಡ್ರಮ್ಮಿನ ಪಟದ ಹುಡುಗಿ ಈಗ ಕಾಲೇಜು ಸೇರುವ ವಯಸ್ಸಿನವಳು. ಅವಳ ಶಾಲೆ ನನ್ನ ಮನೆಯಿಂದ ಎರಡು ಮೈಲಿಯೂ ಇಲ್ಲ. ನಾನು ಒಂದು ಸಲವೂ ಹೋಗಿ ವಿಚಾರಿಸಿಲ್ಲ.